ಮುಷ್ಕರ ಮುಗಿದ ಮೇಲೆ ಬರುವ ರೋಗಿಗಳು

ದಾವಣಗೆರೆಗೆ ಮುಷ್ಕರ ಹೊಸದೇನಲ್ಲ. ಕಾಟನ್ ಮಿಲ್ಲುಗಳು ಹಗಲೂ ರಾತ್ರಿ ಓಡುತ್ತಿದ್ದ ಕಾಲದಲ್ಲಿ ಈ ಊರು ಕೆಂಬಾವುಟದ ಮೆರವಣಿಗೆಗಳನ್ನು ಬೇಕಾದಷ್ಟು ನೋಡಿದೆ. ಕಮ್ಯುನಿಸ್ಟ್ ಪಕ್ಷದ ಕಾರ್ಮಿಕ ನಾಯಕ ಪಂಪಾಪತಿ ಅವರನ್ನು ಮೂರು ಸಲ ವಿಧಾನಸಭೆಗೆ ಕಳಿಸಿದ ಊರು ಇದು. ನಮ್ಮಪ್ಪನೂ ಮಿಲ್ಲಿನಲ್ಲೇ ದುಡಿದವರು. ನಮ್ಮ ಮನೆಯಲ್ಲಿ ಮುಷ್ಕರ ಮಾಡುವವರ ಬಗ್ಗೆ ಯಾರೂ ಹಗುರವಾಗಿ ಮಾತಾಡುತ್ತಿರಲಿಲ್ಲ. ಬೇರೆ ಎಲ್ಲ ದಾರಿ ಮುಚ್ಚಿದ ಮೇಲೆ ದುಡಿಯುವವನ ಕೈಯಲ್ಲಿ ಉಳಿಯುವುದು ಅದೊಂದೇ ಅಂತ ಅಪ್ಪ ಹೇಳುತ್ತಿದ್ದರು. ಈಗಲೂ ನಾನು ಅದನ್ನು ನಂಬುತ್ತೇನೆ.

ಆದರೆ ಮಿಲ್ಲಿನ ಲೆಕ್ಕ ನೇರ ಇತ್ತು. ಯಂತ್ರ ನಿಂತರೆ ನೂಲಿಲ್ಲ. ನೂಲಿಲ್ಲದಿದ್ದರೆ ಮಾಲೀಕನಿಗೆ ನಷ್ಟ. ನಷ್ಟ ತಡೆಯಲಾಗದೆ ಅವನು ಮಾತಿಗೆ ಬರುತ್ತಿದ್ದ. ಸರ್ಕಾರಿ ಆಸ್ಪತ್ರೆಯಲ್ಲಿ ಈ ಲೆಕ್ಕ ಕೂಡುವುದಿಲ್ಲ. ಹೊರರೋಗಿಗಳನ್ನು ನೋಡುವ ಒಪಿಡಿ ಒಂದು ದಿನ ಬಾಗಿಲು ಹಾಕಿದರೆ ಸರ್ಕಾರದ ಬೊಕ್ಕಸಕ್ಕೆ ಏನೂ ಆಗುವುದಿಲ್ಲ. ಪೆಟ್ಟು ಬೀಳುವುದು ಜಗಳಕ್ಕೆ ಸಂಬಂಧವೇ ಇಲ್ಲದವರಿಗೆ. ಜಗಳೂರಿನಿಂದಲೋ ಹರಪನಹಳ್ಳಿಯಿಂದಲೋ ಮೊದಲ ಬಸ್ಸಿಗೆ ಹೊರಟು ಬಂದವರಿಗೆ. ಮಾತುಕತೆಗೆ ಕರೆದಾಗ ಒಂದು ಕಡೆ ಸಂಘದವರು ಕೂರುತ್ತಾರೆ, ಇನ್ನೊಂದು ಕಡೆ ಅಧಿಕಾರಿಗಳು ಕೂರುತ್ತಾರೆ. ರೋಗಿಯನ್ನು ಯಾರೂ ಕರೆಯುವುದಿಲ್ಲ.

ಇಲ್ಲಿ ಆಸ್ಪತ್ರೆಗಳ ಹತ್ತಿರ ನನ್ನದೊಂದು ಮೆಡಿಕಲ್ ಶಾಪ್ ಇದೆ. ಮುಷ್ಕರವನ್ನು ನಾನು ನೋಡುವುದು ಈ ಕೌಂಟರಿನ ಹಿಂದೆ ನಿಂತು. ಟಿವಿಯಲ್ಲಿ ಘೋಷಣೆ, ಮನವಿ ಪತ್ರ, ಖಾಲಿ ಬೆಂಚುಗಳು ಬರುತ್ತವೆ. ಸಂಜೆಗೆ ‘ತುರ್ತು ಸೇವೆಗೆ ತೊಂದರೆ ಆಗಿಲ್ಲ’ ಅನ್ನುವ ಹೇಳಿಕೆ ಬರುತ್ತದೆ. ಆ ಹೇಳಿಕೆ ಸುಳ್ಳಲ್ಲ. ಎದೆನೋವು ಬಂದವರನ್ನು, ಆಕ್ಸಿಡೆಂಟ್ ಆದವರನ್ನು, ಹೆರಿಗೆ ನೋವು ಬಂದವರನ್ನು ಸಾಮಾನ್ಯವಾಗಿ ಯಾರಾದರೂ ನೋಡಿಯೇ ನೋಡುತ್ತಾರೆ. ಆದರೆ ಆಸ್ಪತ್ರೆಗೆ ಬರುವವರಲ್ಲಿ ತುರ್ತು ಇರುವವರು ಸ್ವಲ್ಪ ಜನ ಅಷ್ಟೆ. ಜಾಸ್ತಿ ಜನ ಬಿ.ಪಿ., ಶುಗರ್, ಫಿಟ್ಸ್, ಥೈರಾಯ್ಡ್, ಕೆಮ್ಮು, ಬಸಿರಿನ ತಪಾಸಣೆ, ಮಗುವಿನ ತೂಕ ಅಂತ ಬರುವವರು. ಇವರಿಗೆ ಇವತ್ತೇ ಏನೂ ಆಗುವುದಿಲ್ಲ. ಆಗುವುದು ಇನ್ನೊಂದು ಹದಿನೈದು ದಿನಕ್ಕೆ, ಎರಡು ತಿಂಗಳಿಗೆ. ಅಷ್ಟರಲ್ಲಿ ಮುಷ್ಕರ ಮುಗಿದಿರುತ್ತದೆ, ಕ್ಯಾಮೆರಾ ಬೇರೆ ಕಡೆ ಹೋಗಿರುತ್ತದೆ.

ಮುಷ್ಕರದ ದಿನ ನನ್ನ ಅಂಗಡಿಗೆ ಹೊಸ ಚೀಟಿ ಬರುವುದು ನಿಲ್ಲುತ್ತದೆ. ಹಳೆ ಚೀಟಿಗಳು ಹೊರಗೆ ಬರುತ್ತವೆ. ಮಡಚಿ ಮಡಚಿ ನಾಲ್ಕು ತುಂಡಾಗುವ ಹಾಗಿರುವ, ಪ್ಲಾಸ್ಟಿಕ್ ಕವರಿನಲ್ಲಿ ರೇಷನ್ ಕಾರ್ಡಿನ ಜೊತೆ ಇಟ್ಟ ಚೀಟಿಗಳು. ‘ಅಣ್ಣಾ, ಡಾಕ್ಟ್ರಿಲ್ಲಂತೆ. ಇದ್ರಾಗೆ ಬರ್ದಿರೋದೇ ಕೊಟ್ಬಿಡು.’ ಕೆಲವರ ಹತ್ತಿರ ಅದೂ ಇರುವುದಿಲ್ಲ. ಖಾಲಿ ಸ್ಟ್ರಿಪ್ಪಿನ ಒಂದು ಚೂರು ತರುತ್ತಾರೆ. ಮಾತ್ರೆಯ ಹೆಸರು ಇದ್ದ ಕಡೆಯೇ ಕತ್ತರಿಸಿ ಹೋಗಿರುತ್ತದೆ, ಉಳಿದಿರುವುದು ಕೊನೆಯ ಮೂರು ಅಕ್ಷರ ಮತ್ತು ಎಕ್ಸ್‌ಪೈರಿ ತಾರೀಖು.

ಒಂದು ಸಲ ಒಬ್ಬ ಅಜ್ಜಿ ಬಿ.ಪಿ. ಮಾತ್ರೆಯ ಹಳೆ ಚೀಟಿ ತಂದಿದ್ದರು. ಅಮ್ಲೋಡಿಪೈನ್ ಬರೆದಿತ್ತು. ಕೊಡುವಾಗ ನೋಡಿದರೆ ಎರಡೂ ಕಾಲು ಪಾದದ ಹತ್ತಿರ ಊದಿಕೊಂಡಿವೆ, ಚಪ್ಪಲಿಯ ಪಟ್ಟಿ ಚರ್ಮದೊಳಗೆ ಹೂತುಹೋಗಿದೆ. ಆ ಮಾತ್ರೆಯಿಂದಲೇ ಕೆಲವರಿಗೆ ಕಾಲು ಊದುತ್ತದೆ. ಕಿಡ್ನಿಯಿಂದಲೂ ಊದಬಹುದು, ಹಾರ್ಟಿನಿಂದಲೂ ಊದಬಹುದು. ಡಾಕ್ಟರು ಇದ್ದಿದ್ದರೆ ಬೆರಳಿನಿಂದ ಒತ್ತಿ ನೋಡಿ, ಒಂದು ರಕ್ತ ಪರೀಕ್ಷೆ ಬರೆದು, ಬೇಕಾದರೆ ಮಾತ್ರೆ ಬದಲಿಸುತ್ತಿದ್ದರು. ಎರಡು ನಿಮಿಷದ ಕೆಲಸ. ಅದು ನನ್ನ ಕೆಲಸ ಅಲ್ಲ, ನಾನು ಮಾಡಲೂ ಬಾರದು. ‘ಅಜ್ಜಿ, ಸೋಮವಾರ ಬಂದು ತೋರಿಸ್ಕೊಳ್ರಿ’ ಅಂದೆ. ‘ಸ್ವಾಮಾರ ಕಳೆ ಕೀಳಾಕ್ ಹೋಗ್ಬೇಕಪ್ಪಾ’ ಅಂದರು. ಒಂದು ದಿನದ ಕೂಲಿ ಆಗಲೇ ಹೋಗಿತ್ತು. ಇನ್ನೊಂದು ದಿನ ಕಳೆದುಕೊಳ್ಳಲು ಅವರಿಗೆ ಆಗುತ್ತಿರಲಿಲ್ಲ. ಆ ಅಜ್ಜಿ ಯಾವ ಅಂಕಿಅಂಶದಲ್ಲೂ ಬರುವುದಿಲ್ಲ. ‘ಮುಷ್ಕರದಿಂದ ತೊಂದರೆಗೊಳಗಾದವರು’ ಅಂತ ಯಾವ ರಿಜಿಸ್ಟರಿನಲ್ಲೂ ಅವರ ಹೆಸರಿಲ್ಲ. ಅವರು ಒಳಗೆ ಹೋಗಿ ಚೀಟಿಯನ್ನೇ ಮಾಡಿಸಿರಲಿಲ್ಲ.

ಇನ್ನೊಬ್ಬರು ಫಿಟ್ಸ್ ಬರುವ ಮಗನಿಗೆ ಪ್ರತಿ ತಿಂಗಳು ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಮಾತ್ರೆ ತಗೊಂಡು ಹೋಗುತ್ತಿದ್ದ ರೈತ. ಔಷಧಿ ಕೊಡುವ ಕಿಟಕಿ ಮುಚ್ಚಿದ್ದ ಸಮಯದಲ್ಲಿ ಬಂದು, ಕಾದು, ವಾಪಸ್ ಹೋಗಿದ್ದರು. ನನ್ನ ಅಂಗಡಿಗೂ ಬರಲಿಲ್ಲ, ದುಡ್ಡಿರಲಿಲ್ಲ. ಫಿಟ್ಸ್ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಮೊದಲಿಗಿಂತ ಜೋರಾಗಿ ಬರಬಹುದು. ಹಾಗೇ ಆಯಿತು. ಮುಂದೆ ಆ ಹುಡುಗ ಅಡ್ಮಿಟ್ ಆದಾಗ ಇಂಜೆಕ್ಷನ್ ಚೀಟಿ ಹಿಡಿದು ಅವರು ನನ್ನ ಕೌಂಟರಿಗೆ ಬಂದರು, ಆಗ ಈ ವಿಷಯ ಹೇಳಿದರು. ಯಾರ ಮೇಲೂ ಸಿಟ್ಟು ಇರಲಿಲ್ಲ. ‘ನಮ್ ಟೈಮ್ ಸರಿ ಇರ್ಲಿಲ್ಲ ಬಿಡ್ರಿ’ ಅಂದರು. ನನಗೆ ಸಿಟ್ಟು ಬಂತು, ಈಗಲೂ ಇದೆ. ಅದು ಅವರ ಟೈಮ್ ಅಲ್ಲ.

ಡಾಕ್ಟರುಗಳ ಮುಷ್ಕರದ ಬಗ್ಗೆ ಒಂದು ವಿಚಿತ್ರವಾದ ಸಂಗತಿ ಇದೆ. 1976ರಿಂದ 2003ರ ನಡುವೆ ಬೇರೆ ಬೇರೆ ದೇಶಗಳಲ್ಲಿ ನಡೆದ ಡಾಕ್ಟರುಗಳ ಮುಷ್ಕರಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ವಿಮರ್ಶೆ 2008ರಲ್ಲಿ ಬಂತು. ಲಾಸ್ ಏಂಜಲೀಸ್, ಜೆರುಸಲೇಮ್, ಕ್ರೊಯೇಷಿಯಾ ಎಲ್ಲ ಅದರಲ್ಲಿವೆ. ಮುಷ್ಕರದ ಕಾಲದಲ್ಲಿ ಸಾವಿನ ಪ್ರಮಾಣ ಇದ್ದ ಹಾಗೇ ಇತ್ತು, ಇಲ್ಲವೇ ಇಳಿದಿತ್ತು ಅನ್ನುವುದು ಅದರ ಸಾರ. ಇದನ್ನು ಕೆಲವರು ವಾಟ್ಸಾಪಿನಲ್ಲಿ ‘ನೋಡಿ, ಡಾಕ್ಟರು ಇಲ್ಲದಿದ್ದರೇ ಜನ ಆರೋಗ್ಯವಾಗಿರುತ್ತಾರೆ’ ಅಂತ ಹಂಚುತ್ತಾರೆ. ಅದು ತಪ್ಪು ಓದು. ಸಾವು ಇಳಿಯಲು ಒಂದು ದೊಡ್ಡ ಕಾರಣ, ಮುಂದೂಡಬಹುದಾದ ಆಪರೇಷನ್‌ಗಳನ್ನು ಮುಂದೂಡಿದ್ದು. ಆಪರೇಷನ್ ಅಂದಮೇಲೆ ಸ್ವಲ್ಪ ಅಪಾಯ ಇದ್ದೇ ಇರುತ್ತದೆ. ಆಪರೇಷನ್ನೇ ಇಲ್ಲದ ವಾರದಲ್ಲಿ ಆ ಅಪಾಯವೂ ಇಲ್ಲ. ಜೊತೆಗೆ ಆ ಊರುಗಳಲ್ಲಿ ಹಿರಿಯ ಡಾಕ್ಟರುಗಳು ವಾರ್ಡುಗಳನ್ನು ಬಿಟ್ಟು ತುರ್ತು ವಿಭಾಗಕ್ಕೆ ಬಂದು ನಿಂತರು. ಬೇರೆ ಆಸ್ಪತ್ರೆಗಳು ತೆರೆದಿದ್ದವು.

ನರ್ಸ್‌ಗಳದ್ದು ಪೂರ್ತಿ ಬೇರೆ ಕಥೆ. ನ್ಯೂಯಾರ್ಕ್ ರಾಜ್ಯದಲ್ಲಿ 1984ರಿಂದ 2004ರವರೆಗೆ ನಡೆದ ನರ್ಸ್‌ಗಳ ಮುಷ್ಕರಗಳನ್ನು ಇಬ್ಬರು ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿದರು. ಮುಷ್ಕರದ ಹೊತ್ತಿನಲ್ಲಿ ಒಳಗಿದ್ದ ರೋಗಿಗಳ ಸಾವು ಶೇ 18ಕ್ಕಿಂತ ಜಾಸ್ತಿ ಏರಿತ್ತು. ಡಿಸ್ಚಾರ್ಜ್ ಆಗಿ ಮತ್ತೆ ಬಂದು ಸೇರಿದವರೂ ಹೆಚ್ಚಿದ್ದರು. ಹೊರಗಿನಿಂದ ಬದಲಿ ನರ್ಸ್‌ಗಳನ್ನು ಕರೆಸಿದ ಆಸ್ಪತ್ರೆಗಳಲ್ಲೂ ಪರಿಸ್ಥಿತಿ ಸುಧಾರಿಸಲಿಲ್ಲ. ವಾರ್ಡಿನಲ್ಲಿ ರಾತ್ರಿ ಮಲಗಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ ಅಲ್ವಾ? ಡ್ರಿಪ್ ಖಾಲಿ ಆಗಿದ್ದನ್ನು ನೋಡುವವರು ಸಿಸ್ಟರ್. ಉಸಿರಾಟ ಬದಲಾದದ್ದು ಮೊದಲು ಗೊತ್ತಾಗುವುದು ಸಿಸ್ಟರಿಗೆ. ಡಾಕ್ಟರನ್ನು ಎಬ್ಬಿಸುವವರೂ ಅವರೇ.

ಕೀನ್ಯಾ ನಮಗೆ ಇನ್ನೂ ಹತ್ತಿರದ ಉದಾಹರಣೆ. ಅಲ್ಲಿ 2016ರ ಡಿಸೆಂಬರಿನಿಂದ ಸರ್ಕಾರಿ ಡಾಕ್ಟರುಗಳು 100 ದಿನ, ಆಮೇಲೆ 2017ರಲ್ಲೇ ನರ್ಸ್‌ಗಳು 150 ದಿನ ಮುಷ್ಕರ ಮಾಡಿದರು. ಆಸ್ಪತ್ರೆಯಲ್ಲಿ ಆಗುತ್ತಿದ್ದ ಹೆರಿಗೆಗಳು ಕುಸಿದವು, ಮಕ್ಕಳ ಲಸಿಕೆ ತಪ್ಪಿತು. ದುಡ್ಡಿದ್ದವರು ಖಾಸಗಿಗೆ ಹೋದರು. ಇಲ್ಲದವರು ಮನೆಯಲ್ಲೇ ಉಳಿದರು.

ಇದನ್ನೆಲ್ಲ ಓದಿದ ಮೇಲೆ ನನಗೆ ಅನಿಸಿದ್ದು, ‘ಆಸ್ಪತ್ರೆ ಮುಷ್ಕರ’ ಅಂತ ಒಂದೇ ಚೀಲದಲ್ಲಿ ಎಲ್ಲವನ್ನೂ ತುಂಬಿ ಮಾತಾಡುವುದೇ ಸರಿಯಲ್ಲ. ಯಾರು ಕೆಲಸ ನಿಲ್ಲಿಸಿದರು, ಎಷ್ಟು ದಿನ ನಿಲ್ಲಿಸಿದರು, ಆ ಊರಿನಲ್ಲಿ ಬೇರೆ ಯಾವ ಬಾಗಿಲು ತೆರೆದಿತ್ತು ಅನ್ನುವುದರ ಮೇಲೆ ಪೆಟ್ಟು ಎಲ್ಲಿ ಬೀಳುತ್ತದೆ ಅನ್ನುವುದು ನಿಂತಿದೆ.

2017ರ ನವೆಂಬರ್ ನೆನಪಿದೆಯಾ? ಖಾಸಗಿ ಆಸ್ಪತ್ರೆಗಳ ದರ, ಹೊಣೆಗಾರಿಕೆ ಬಗ್ಗೆ ಸರ್ಕಾರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ (ಕೆಪಿಎಂಇ) ತಿದ್ದುಪಡಿ ಮಸೂದೆ ತಂದಾಗ ಖಾಸಗಿ ಡಾಕ್ಟರುಗಳು ರಾಜ್ಯದಾದ್ಯಂತ ಬಾಗಿಲು ಹಾಕಿ ಬೆಳಗಾವಿಗೆ ಹೊರಟರು. ದಾವಣಗೆರೆ ಅಂಥ ಊರಿನಲ್ಲಿ ಗಲ್ಲಿಗೊಂದು ನರ್ಸಿಂಗ್ ಹೋಮ್. ಸುತ್ತಲಿನ ತಾಲ್ಲೂಕುಗಳ ಜನ ಮಾತ್ರ ಅಲ್ಲ, ರಾಣೆಬೆನ್ನೂರು ಕಡೆಯವರೂ ಇಲ್ಲಿಗೇ ಬರುತ್ತಾರೆ. ಅಷ್ಟೂ ಜನ ಸರ್ಕಾರಿ ಆಸ್ಪತ್ರೆಯ ಒಂದೇ ಗೇಟಿಗೆ ತಿರುಗಿದರೆ ಏನಾಗುತ್ತದೆ ಅಂತ ಆ ವಾರ ಗೊತ್ತಾಯಿತು. ಚಿಕಿತ್ಸೆ ಸಿಗದೆ ಸಾವಾಯಿತು ಅನ್ನುವ ಸುದ್ದಿಗಳು ಬೇರೆ ಬೇರೆ ಜಿಲ್ಲೆಗಳಿಂದ ಪತ್ರಿಕೆಗಳಲ್ಲಿ ಬಂದವು. ಕೊನೆಗೆ ಮುಷ್ಕರ ಬಿಡಿ ಅಂತ ಹೈಕೋರ್ಟ್ ಹೇಳಬೇಕಾಯಿತು, ಮಸೂದೆ ಮೆತ್ತಗಾಗಿ ಪಾಸಾಯಿತು. ಆ ಮುಷ್ಕರ ಸರಿ ಅಂತ ನನಗೆ ಆಗಲೂ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ. ಕಾನೂನು ಇಷ್ಟವಿಲ್ಲದಿದ್ದರೆ ಕೋರ್ಟ್ ಇತ್ತು, ಸದನ ಇತ್ತು.

2024ರ ಆಗಸ್ಟಿನದು ಹಾಗಲ್ಲ. ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯಲ್ಲಿದ್ದ ಯುವ ವೈದ್ಯೆಯ ಅತ್ಯಾಚಾರ, ಕೊಲೆ ಆಯಿತು. ಆ ಸಿಟ್ಟು ನ್ಯಾಯವಾದದ್ದು. ವೈದ್ಯಕೀಯ ಸಿಬ್ಬಂದಿ ಮೇಲಿನ ಹಲ್ಲೆ ತಡೆಯಲು ಕರ್ನಾಟಕದಲ್ಲಿ 2009ರಿಂದಲೇ ಕಾಯ್ದೆ ಇದೆ. ಆದರೂ ರಾತ್ರಿ ಡ್ಯೂಟಿ ಮುಗಿಸಿದ ಹೆಣ್ಣುಮಕ್ಕಳು ಮಲಗಲು ಚಿಲಕ ಇರುವ ಒಂದು ಕೋಣೆ ಕೊಡಿ ಅಂತ ಕೇಳಬೇಕಾಗಿದೆ. ಡಾಕ್ಟರುಗಳ ಸಂಘ ಐಎಂಎ ಆಗಸ್ಟ್ 17ರಂದು ಬೆಳಿಗ್ಗೆ 6ರಿಂದ 24 ಗಂಟೆ ಒಪಿಡಿ ಬಂದ್ ಕರೆ ಕೊಟ್ಟಿತು, ತುರ್ತು ಸೇವೆ ಇಟ್ಟುಕೊಂಡಿತು. ನಾನೂ ಅದಕ್ಕೆ ತಲೆಬಾಗಿದೆ. ಆದರೆ ಕ್ಯಾಲೆಂಡರ್ ನೋಡಿ. 15 ಗುರುವಾರ ಸ್ವಾತಂತ್ರ್ಯ ದಿನ. 16 ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. 17 ಶನಿವಾರ ಮುಷ್ಕರ. 18 ಭಾನುವಾರ. ಕಾಗದದ ಮೇಲೆ ಒಂದು ದಿನದ ಮುಷ್ಕರ, ಹಳ್ಳಿಯಿಂದ ಬರುವವರಿಗೆ ಹೆಚ್ಚುಕಡಿಮೆ ನಾಲ್ಕು ದಿನ ಡಾಕ್ಟರಿಲ್ಲ. ಸೋಮವಾರ ರಸ್ತೆಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ನಾಲ್ಕು ದಿನದ ಜನ ಒಂದೇ ದಿನ ಬಂದರೆ ಒಬ್ಬೊಬ್ಬರಿಗೆ ಸಿಗುವುದು ಒಂದು ನಿಮಿಷ. ‘ಅದೇ ಮಾತ್ರೆ ಮುಂದುವರೆಸಿ’ ಅಂತ ಬರೆದ ಚೀಟಿಗಳೇ ಆ ಇಡೀ ವಾರ ನನ್ನ ಮುಂದೆ ಬಂದವು.

ಈಗ ಯಾರೂ ಜಾಸ್ತಿ ಮಾತಾಡದ ಮುಷ್ಕರಗಳ ವಿಷಯಕ್ಕೆ ಬರುತ್ತೇನೆ. ಆಶಾ ಕಾರ್ಯಕರ್ತೆಯರದ್ದು, ಗುತ್ತಿಗೆ ಸಿಬ್ಬಂದಿಯದ್ದು.

ನಮ್ಮ ಅತ್ತಿಗೆ ಜಗಳೂರು ತಾಲ್ಲೂಕಿನಲ್ಲಿ ಆಶಾ. ಆಸ್ಪತ್ರೆಯಲ್ಲಿ ಹೆರಿಗೆ ಆಗಿ ಬಾಣಂತಿ ಮನೆಗೆ ಬಂದ ಮೇಲೆ 3, 7, 14, 21, 28 ಮತ್ತು 42ನೇ ದಿನ ಆ ಮನೆಗೆ ಹೋಗಬೇಕು. ಮಗುವನ್ನು ಜೋಳಿಗೆಯ ತಕ್ಕಡಿಯಲ್ಲಿ ತೂಗಬೇಕು, ಮೈ ಬಿಸಿ ನೋಡಬೇಕು, ಹೊಕ್ಕುಳು ಒಣಗಿದೆಯಾ ಅಥವಾ ಕೀವಾಗಿದೆಯಾ ನೋಡಬೇಕು, ಕಣ್ಣು ಹಳದಿ ಆಗಿದೆಯಾ ನೋಡಬೇಕು, ತಾಯಿ ಎದೆಹಾಲು ಕುಡಿಸುತ್ತಿದ್ದಾಳಾ ಅಂತ ಪಕ್ಕದಲ್ಲಿ ಕೂತು ನೋಡಬೇಕು. ಈ ಆರೂ ಭೇಟಿಗೆ ಸೇರಿ ಪ್ರೋತ್ಸಾಹಧನ 250 ರೂಪಾಯಿ. ಅದೂ ತಿಂಗಳಿಗೆ ಸರಿಯಾಗಿ ಬರುವುದಿಲ್ಲ ಅನ್ನುವುದೇ ಅವರ ಗೋಳು. ಕೋವಿಡ್ ಕಾಲದಲ್ಲಿ ಮನೆಮನೆ ಸುತ್ತಿದ ಇವರಿಗೆ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಶಸ್ತಿ ಕೊಟ್ಟಿತು. ಅದಕ್ಕೂ ಮೊದಲು, 2020ರ ಜುಲೈನಲ್ಲಿ, ಕೋವಿಡ್ ನಡುವೆಯೇ, ತಿಂಗಳಿಗೆ 12,000 ರೂಪಾಯಿ ಗೌರವಧನಕ್ಕಾಗಿ ಇವರು ಕೆಲಸ ನಿಲ್ಲಿಸಿದ್ದರು. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಮತ್ತೆ ಹಗಲೂ ರಾತ್ರಿ ಕೂತರು. ಏಪ್ರಿಲಿನಿಂದ ಕನಿಷ್ಠ 10,000 ಸಿಗುತ್ತದೆ ಅಂತ ಮುಖ್ಯಮಂತ್ರಿಗಳ ಭರವಸೆ ಸಿಕ್ಕಿತು. ಅದೇ ವರ್ಷ ಆಗಸ್ಟಿನಲ್ಲಿ ಆ ಭರವಸೆ ಜಾರಿ ಮಾಡಿ ಅಂತ ಕೇಳಲು ಮತ್ತೊಮ್ಮೆ ಬೀದಿಗೆ ಬಂದರು.

ಅತ್ತಿಗೆ ಮುಷ್ಕರಕ್ಕೆ ಹೋದಾಗ ಊರಿನ ಒಬ್ಬ ಬಾಣಂತಿಯ ಏಳನೇ ದಿನ ತಪ್ಪಿತು. ಬೆಂಗಳೂರಿನಲ್ಲಿ ಕೂತೇ ಫೋನ್ ಮಾಡಿ, ‘ಕೂಸಿನ ಕಣ್ಣು ಬಿಸಿಲಾಗೆ ನೋಡವ್ವಾ, ಹಳದಿ ಐತಾ?’ ಅಂತ ಕೇಳಿದರಂತೆ. ಘೋಷಣೆ ಕೂಗುವವರ ನಡುವೆ ಅವರಿಗೆ ಉತ್ತರ ಕೇಳಿಸುತ್ತಿರಲಿಲ್ಲವಂತೆ, ಗೇಟಿನ ಹೊರಗೆ ಬಂದು ಮಾತಾಡಿದರಂತೆ. ಮುಷ್ಕರ ಮಾಡುವವರಿಗೆ ರೋಗಿಗಳ ಚಿಂತೆ ಇಲ್ಲ ಅಂತ ಹೇಳುವವರಿಗೆ ನಾನು ಇದನ್ನು ಹೇಳುತ್ತೇನೆ. ಚಿಂತೆ ಇರುವುದರಿಂದಲೇ ಇವರನ್ನು ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ವರ್ಷ ದುಡಿಸಿಕೊಳ್ಳಲು ಆಗಿದೆ.

2023ರ ಒಂದು ಸಂಗತಿ ನನ್ನನ್ನು ಬಿಟ್ಟುಹೋಗಿಲ್ಲ. ಆ ಫೆಬ್ರವರಿ 13ರಿಂದ ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ಸಿಬ್ಬಂದಿ, ಅಂದರೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳ (ಪಿಎಚ್‌ಸಿ) ಸ್ಟಾಫ್ ನರ್ಸ್, ಲ್ಯಾಬ್ ಟೆಕ್ನಿಷಿಯನ್, ಫಾರ್ಮಸಿಸ್ಟ್, ನವಜಾತ ಶಿಶುಗಳ ಘಟಕದ ನರ್ಸ್‌ಗಳು, ಕೆಲಸ ಕಾಯಂ ಮಾಡಿ ಅಂತ ಮುಷ್ಕರಕ್ಕೆ ಕೂತರು. ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರೂ ವೇತನ ಪರಿಷ್ಕರಣೆಗಾಗಿ ಕೆಲಸ ನಿಲ್ಲಿಸಿದರು. ಕಚೇರಿ, ಶಾಲೆ, ಒಪಿಡಿ ಎಲ್ಲ ಬಂದ್. ಅದೇ ದಿನ ಶೇ 17 ಮಧ್ಯಂತರ ಪರಿಹಾರದ ಆದೇಶ ಹೊರಬಂತು, ಅದೇ ದಿನ ಮುಷ್ಕರ ವಾಪಸ್ ಆಯಿತು. ಗುತ್ತಿಗೆಯವರು ಮಾತ್ರ ಇನ್ನೂ ಕೂತೇ ಇದ್ದರು. ಅವರದ್ದು ತಿಂಗಳಿಗೂ ಮೀರಿ ನಡೆಯಿತು. ಒಂದೇ ರಾಜ್ಯ, ಒಂದೇ ಸರ್ಕಾರ. ಮನಸ್ಸಿದ್ದರೆ ಅರ್ಧ ದಿನದಲ್ಲಿ ಆಗುತ್ತದೆ ಅನ್ನುವುದು ಎಲ್ಲರ ಕಣ್ಣೆದುರಿಗೇ ಸಾಬೀತಾಯಿತು. ನೌಕರರ ಬೇಡಿಕೆ ತಪ್ಪು ಅಂತ ನಾನು ಹೇಳುತ್ತಿಲ್ಲ. ದೊಡ್ಡ ಸಂಘದ ಕೂಗಿಗೆ ಅರ್ಧ ದಿನ, ಗುತ್ತಿಗೆಯವರ ಕೂಗಿಗೆ ಒಂದು ತಿಂಗಳು ಅಂದರೆ, ಆ ತಿಂಗಳ ಉದ್ದಕ್ಕೂ ಪಿಎಚ್‌ಸಿ ಲ್ಯಾಬಿನಲ್ಲಿ ಕಫದ ಡಬ್ಬಿ ಇಟ್ಟು ಬಂದವರ ಗತಿ ಏನು? ಟಿಬಿ ಗೊತ್ತಾಗುವುದು ತಡವಾದಷ್ಟೂ ಅದು ಮನೆಯಲ್ಲಿ ಇನ್ನೊಬ್ಬರಿಗೆ ಹತ್ತುತ್ತದೆ.

ನಮ್ಮ ಊರಿನಲ್ಲೇ ಇನ್ನೊಂದು ನೋಡಿದ್ದೇವೆ. 2021ರಲ್ಲಿ ಕೋವಿಡ್ ಎರಡನೇ ಅಲೆಯಲ್ಲಿ ದುಡಿದ ಹೌಸ್ ಸರ್ಜನ್‌ಗಳು, ಪಿ.ಜಿ. ವಿದ್ಯಾರ್ಥಿಗಳು ಸ್ಟೈಪೆಂಡ್ ಬಂದಿಲ್ಲ ಅಂತ ಜಯದೇವ ಸರ್ಕಲ್ಲಿನಲ್ಲಿ ದಿನಗಟ್ಟಲೆ ಕೂತಿದ್ದರು. ಕೊಡಬೇಕಾದವರು ಕಾಲೇಜಿನವರಾ, ಸರ್ಕಾರವಾ ಅನ್ನುವ ಜಗ್ಗಾಟ. ದಾವಣಗೆರೆಗೆ ಸರ್ಕಾರಿ ಮೆಡಿಕಲ್ ಕಾಲೇಜು ಇಲ್ಲ. ಜಿಲ್ಲಾ ಆಸ್ಪತ್ರೆಯ ವಾರ್ಡುಗಳಲ್ಲಿ ಕಲಿಯುವವರು ಖಾಸಗಿ ಕಾಲೇಜಿನ ಮಕ್ಕಳು. ರಾತ್ರಿ ಎರಡು ಗಂಟೆಗೆ ಜಿಲ್ಲಾ ಆಸ್ಪತ್ರೆಗೆ ಹೋದರೆ ಮೊದಲು ಮುಟ್ಟಿ ನೋಡುವ ಕೈ ಹೆಚ್ಚಾಗಿ ಇವರದ್ದೇ. ಕಲಿಯುವ ಹುಡುಗರ ಹೆಗಲ ಮೇಲೆ ಇಡೀ ರಾತ್ರಿ ಪಾಳಿ ನಿಂತಿದೆ ಅನ್ನುವುದು ಅವರು ಹೊರಗೆ ಬಂದು ಕೂತಾಗಲೇ ಊರಿಗೆ ಕಂಡದ್ದು.

ಮುಷ್ಕರ ಶುರುವಾದ ತಕ್ಷಣ ‘ಎಸ್ಮಾ ಜಾರಿ ಮಾಡ್ತೀವಿ’ ಅನ್ನುವ ಮಾತು ಬರುತ್ತದೆ. 2013ರ ಆ ಕಾಯ್ದೆ ಅಗತ್ಯ ಸೇವೆಗಳಲ್ಲಿ ಮುಷ್ಕರ ನಿಷೇಧಿಸಲು ಸರ್ಕಾರಕ್ಕೆ ಅಧಿಕಾರ ಕೊಡುತ್ತದೆ. ಆದರೆ ಹೆದರಿಸಿ ಒಳಗೆ ಕರೆದುಕೊಂಡು ಬಂದ ನರ್ಸ್‌ಗೆ ಬಾಕಿ ಸಂಬಳ ಅದರಿಂದ ಬರುವುದಿಲ್ಲ. ಕೆಲಸ ನಿಲ್ಲಿಸಬೇಡಿ ಅಂತ ಒಬ್ಬರ ಕೈ ಕಟ್ಟುವುದಾದರೆ, ಅವರ ದೂರನ್ನು ಇಂತಿಷ್ಟು ದಿನದೊಳಗೆ ತೀರಿಸುತ್ತೇವೆ ಅನ್ನುವ ಕಟ್ಟುಪಾಡನ್ನು ಸರ್ಕಾರವೂ ಹಾಕಿಕೊಳ್ಳಬೇಕು. ಸಂಬಳದ ತಾರೀಖು ತಪ್ಪಿದರೆ ಯಾರು ಜವಾಬ್ದಾರಿ ಅಂತ ಹೆಸರು, ಹುದ್ದೆ ಸಮೇತ ಬರೆದಿರಬೇಕು. ನೋಟಿಸ್ ಕೊಟ್ಟ ದಿನದಿಂದ ಮುಷ್ಕರದ ದಿನದವರೆಗೆ ಇರುವ ಸಮಯ ಮಾತಾಡಲಿಕ್ಕೆ ಇರುವುದು. ಅದನ್ನು ಸುಮ್ನೆ ಕಳೆದು, ಹಿಂದಿನ ರಾತ್ರಿ ಮನವಿ ಮಾಡಿಕೊಳ್ಳುವುದು ಪ್ರತಿ ಸಲ ನಡೆಯುತ್ತಿದೆ.

ಸಂಘಗಳಿಗೂ ನನ್ನದೊಂದು ಬೇಡಿಕೆ ಇದೆ, ಅವರ ಪರವಾಗಿ ಇರುವವನಾಗಿಯೇ ಕೇಳುತ್ತಿದ್ದೇನೆ. ತುರ್ತು ವಿಭಾಗ ತೆರೆದಿಟ್ಟರೆ ಸಾಲದು. ಡಯಾಲಿಸಿಸ್, ಹೆರಿಗೆ, ನವಜಾತ ಶಿಶು ಘಟಕ ಹೇಗೂ ಇರಲೇಬೇಕು. ಅದರ ಜೊತೆ ಮಾತ್ರೆ ಕೊಡುವ ಒಂದು ಕಿಟಕಿ ತೆರೆದಿಡಿ. ಫಿಟ್ಸ್, ಟಿಬಿ, ಶುಗರ್, ಬಿ.ಪಿ., ಎಚ್‌ಐವಿ, ಮಾನಸಿಕ ಕಾಯಿಲೆ, ಇಷ್ಟಕ್ಕೆ ಹಳೆ ಚೀಟಿ ನೋಡಿ ಒಂದು ತಿಂಗಳ ಮಾತ್ರೆ ಕೊಡಲು ಒಬ್ಬ ಡಾಕ್ಟರು, ಒಬ್ಬ ಫಾರ್ಮಸಿಸ್ಟ್ ಸಾಕು. ಅವರು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡೇ ಕೂರಲಿ. ಪಕ್ಕದಲ್ಲಿ ಬೇಡಿಕೆಗಳ ಬ್ಯಾನರೂ ಇರಲಿ. ಸಾಲಿನಲ್ಲಿ ನಿಂತವರು ಅದನ್ನು ಓದುತ್ತಾರೆ, ಅರ್ಥ ಮಾಡಿಕೊಳ್ಳುತ್ತಾರೆ. ಜಗಳೂರಿನಿಂದ ಬಂದವರು ಖಾಲಿ ಕೈಯಲ್ಲಿ ವಾಪಸ್ ಹೋಗದಿದ್ದರೆ ನಿಮ್ಮ ಹೋರಾಟಕ್ಕೆ ಊರಿನಲ್ಲಿ ಬೆಂಬಲ ಹೆಚ್ಚುತ್ತದೆಯೇ ಹೊರತು ಕಡಿಮೆ ಆಗುವುದಿಲ್ಲ.

ಇನ್ನೊಂದು, ಬಸ್ ಸ್ಟ್ಯಾಂಡಿನಲ್ಲಿ ಬೋರ್ಡ್ ಹಾಕಿ. ಜಗಳೂರು, ಹೊನ್ನಾಳಿ, ಚನ್ನಗಿರಿ, ಹರಪನಹಳ್ಳಿ ಬಸ್ ಸ್ಟ್ಯಾಂಡುಗಳಲ್ಲಿ, ಹಿಂದಿನ ದಿನವೇ: ನಾಳೆ ಒಪಿಡಿ ಇಲ್ಲ, ಇಂಥಿಂಥದ್ದು ಇದೆ. ಪಂಚಾಯ್ತಿ ವಾಟ್ಸಾಪ್ ಗ್ರೂಪುಗಳಲ್ಲಿ ಮದುವೆ ಕಾರ್ಡೂ ಬರುತ್ತದೆ, ರಾಜಕೀಯವೂ ಬರುತ್ತದೆ, ಇದು ಮಾತ್ರ ಬರುವುದಿಲ್ಲ. ಒಂದು ಮೆಸೇಜಿನಿಂದ ನೂರಾರು ಜನರ ಒಂದು ದಿನದ ಕೂಲಿ, ಬಸ್ ಚಾರ್ಜು ಉಳಿಯುತ್ತದೆ.

ಮತ್ತೆ ಒಪ್ಪಂದ ಆದ ದಿನ ಸಹಿ ಹಾಕುವ ಆ ಕಾಗದದಲ್ಲಿ ಸಂಬಳ, ಬಡ್ತಿ, ಗೌರವಧನದ ಕೆಳಗೆ ಇನ್ನೊಂದು ಸಾಲು ಸೇರಿಸಬೇಕು: ಮುಷ್ಕರದ ದಿನಗಳಲ್ಲಿ ತಪ್ಪಿಹೋದ ಲಸಿಕೆ, ತಪಾಸಣೆ, ಮಾತ್ರೆ, ಮುಂದೂಡಿದ ಆಪರೇಷನ್ ಎಲ್ಲವನ್ನೂ ಹುಡುಕಿ ಇಂತಿಷ್ಟು ದಿನದೊಳಗೆ ಮುಗಿಸಬೇಕು, ಅದಕ್ಕೆ ಬೇಕಾದ ಹೆಚ್ಚುವರಿ ದುಡ್ಡನ್ನು ಸರ್ಕಾರ ಕೊಡಬೇಕು. ಪಟ್ಟಿ ಮಾಡುವುದು ಕಷ್ಟವಲ್ಲ. ಯಾವ ಮಗುವಿಗೆ ಯಾವ ವಾರದ ಲಸಿಕೆ ಬಾಕಿ, ಯಾರ ಮನೆಯ ಮಾತ್ರೆ ಮುಗಿದಿರಬೇಕು ಅನ್ನುವುದು ಅತ್ತಿಗೆಯಂಥವರ ಡೈರಿಯಲ್ಲಿ ಬರೆದಿಟ್ಟದ್ದೇ ಇದೆ. ಹಾಗೆ ಹುಡುಕಿಕೊಂಡು ಮನೆಮನೆಗೆ ಹೋಗುವ ಕೆಲಸಕ್ಕೆ, ಆ ದಿನಗಳಿಗೆ, ಅವರಿಗೆ ಬೇರೆಯಾಗಿ ಕೂಲಿ ಕೊಡಲಿ.